ಹಳೆಯ ಹರಿಗೋಲನ್ನು ಮನೆಯಲ್ಲಿಯೇ ಜೀರ್ಣೋದ್ಧಾರ ಮಾಡುವ ಕ್ರಮ

(ಕೆರೆಯನ್ನು ಆಶ್ರಯಿಸಿದ ಗ್ರಾಮಗಳ ಹಿಡುವಳಿದಾರರ ಮತ್ತು ಮುಖ್ಯಸ್ಥರ ತಿಳಿವಳಿಕೆಗಾಗಿ)

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯು ಕೆರೆಗಳನ್ನು ನಂಬಿದ ಸೀಮೆಯಾಗಿರುವುದು. ನಂದಿಬೆಟ್ಟದ ಕಡೆಯಿಂದ ಇಳಿದು ಬರುವ ದಕ್ಷಿಣ ಪಿನಾಕಿನಿಯು ಈ ತಾಲ್ಲೂಕಿನಲ್ಲಿ ಹಾದುಹೋಗುವುದಾದರೂ, ಅದು ದೋಣಿ ನಡೆಸಿ ಮೀನು ಹಿಡಿದು ಬಾಳಬಹುದಾದಂತಹ ತುಂಬು ನದಿಯಲ್ಲ. ಆದುದರಿಂದ ಇಲ್ಲಿ ಬಲೆಯ ಕೆಲಸವೆಲ್ಲವೂ ಕೆರೆಗಳಲ್ಲಿಯೇ ನಡೆಯುವುದು. ಆ ಕೆರೆಗಳಾದರೋ ಒಂದೇ ಸಮನಾಗಿ ತುಂಬುವಂಥವುಗಳಲ್ಲ. 1595ರಲ್ಲಿ ಸುಗಟೂರಿನ ಪಾಳೆಯಗಾರನಿಂದ ಕಟ್ಟಲ್ಪಟ್ಟ ಹೊಸಕೋಟೆಯಲ್ಲಿ ಸುಮಾರು ಎರಡು ಮೈಲಿ ಉದ್ದದ ಏರಿಯುಳ್ಳ ದೊಡ್ಡ ಕೆರೆಯಿದ್ದರೂ, ಅದು ಕೂಡ ಮಳೆ ಕೈಕೊಟ್ಟ ವರ್ಷಗಳಲ್ಲಿ ಬರಿದಾಗಿ ಬಿರಿದದ್ದುಂಟು.

ಕೆರೆ ಒಣಗಿದ ವರ್ಷ ಹರಿಗೋಲನ್ನು ಕೇಳುವವರಿಲ್ಲ. ಅದನ್ನು ಹುಣಸೆಮರದ ಬುಡದಲ್ಲಿಯೋ ದನದ ಕೊಟ್ಟಿಗೆಯ ಹಿಂಭಾಗದಲ್ಲಿಯೋ ಕವುಚಿಹಾಕಿ ಮರೆಯುವುದು ವಾಡಿಕೆ. ಎರಡು ಮೂರು ವರ್ಷಗಳಾದ ಮೇಲೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಮಳೆ ಜೋರಾಗಿ ಹಿಡಿದು, ಒಂದು ವಾರದೊಳಗೆ ಕೆರೆಗೆ ನೀರು ಬಂದುಬಿಡುವುದು. 2022ರ ಮಳೆಗಾಲದಲ್ಲಿ ಬೆಂಗಳೂರಿನ ಸುತ್ತುಮುತ್ತ ಅನೇಕ ಕೆರೆಗಳು ಕೋಡಿ ಹರಿದುದು ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ. ಪಕ್ಕದ ಕೋಲಾರ ಜಿಲ್ಲೆಯಲ್ಲಿ 2018ರಿಂದೀಚೆಗೆ, ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಹರಿದುಬಂದು, ಬಹುಕಾಲ ಬರಿದಾಗಿದ್ದ ಕೆರೆಗಳಿಗೂ ನೀರು ನಿಂತಿತು. ಹೀಗೆ ಅನಿರೀಕ್ಷಿತವಾಗಿ ನೀರು ಬಂದಾಗ, ಮೂಲೆಯಲ್ಲಿದ್ದ ಹರಿಗೋಲನ್ನು ಎಳೆದು ತಂದು, ತೂತು ಕಂಡ ಕಡೆಗಳಲ್ಲಿ ಡಾಂಬರು ಮೆತ್ತಿ, ಅಂದೇ ಸಂಜೆ ನೀರಿಗಿಳಿಸುವುದು ಎಲ್ಲ ಕಡೆಯೂ ಕಂಡುಬರುವ ಆತುರ. ಈ ಆತುರದಿಂದಲೇ ಪ್ರಾಣಹಾನಿಯಾಗುವುದು. ಹೊರಗಡೆಯ ಕರಿಯ ಹೊದಿಕೆ ನೋಡುವುದಕ್ಕೆ ಗಟ್ಟಿಯಾಗಿ ಕಂಡರೂ, ಒಳಗಿನ ಬಿದಿರು ಹುಡಿಯಾಗಿರಬಹುದು. ಹರಿಗೋಲಿನ ದೇಹವೆಂದರೆ ಅದರ ಬಿದಿರು. ಹೊದಿಕೆಯು ಅದಕ್ಕೆ ತೊಡಿಸಿದ ಬಟ್ಟೆ ಮಾತ್ರ. ದೇಹದ ಸ್ಥಿತಿಯನ್ನು ನೋಡದೆ ಬಟ್ಟೆಯನ್ನು ಹೊಸದು ಮಾಡತಕ್ಕದ್ದಲ್ಲ. ಮುಂದೆ ಹೇಳುವ ಕ್ರಮವೆಲ್ಲವೂ ಈ ಒಂದು ವಿಷಯವನ್ನು ಅನುಸರಿಸಿದೆ.

ಹರಿಗೋಲಿನ ಸ್ವರೂಪ

ಹರಿಗೋಲು ನಮ್ಮ ದೇಶದಲ್ಲಿ ಬಹು ಪುರಾತನವಾದುದು. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ದೇಶದ ಡೊಮಿಂಗೊ ಪಾಯೆಸ್ ಎಂಬಾತನು, ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಹೆಣಿಗೆ, ಹೊರಗೆ ಚರ್ಮ. ಹುಟ್ಟು ಹಾಕಿದರೆ ನೇರವಾಗಿ ಹೋಗದೆ ಸುತ್ತುತ್ತಲೇ ಇರುವುದೆಂಬುದನ್ನು ಸಹ ಆತನು ಗಮನಿಸಿದ್ದನು. ಇರಾಕ್ ದೇಶದ ಟೈಗ್ರಿಸ್ ನದಿಯಲ್ಲಿ ಇದೇ ರೀತಿಯ ದುಂಡು ದೋಣಿಗೆ ಚರ್ಮದ ಬದಲು ನೆಲದಲ್ಲಿ ದೊರೆಯುವ ಡಾಂಬರನ್ನು ಬಳಿಯುತ್ತಿದ್ದರು. ಈಗ ನಮ್ಮಲ್ಲಿ ಚರ್ಮದ ಹೊದಿಕೆ ಅಪರೂಪವಾಗಿ, ಗೋಣಿ, ಹತ್ತಿಯ ದಪ್ಪ ಬಟ್ಟೆ, ಗೊಬ್ಬರದ ಚೀಲ, ಟಾರ್ಪಾಲು ಮೊದಲಾದವುಗಳ ಮೇಲೆ ಡಾಂಬರು ಬಳಿಯುವುದೇ ರೂಢಿಯಾಗಿದೆ. ಈ ಸೀಮೆಯಲ್ಲಿ ತೆಲುಗು ಬಲ್ಲವರು ಇದನ್ನೇ ಪುಟ್ಟಿ ಎನ್ನುವರು.

ಕೆರೆಯ ಕೆಲಸಕ್ಕೆ ಬಾಯಿಯಲ್ಲಿ 6 ಅಡಿ ಅಗಲ, 2 ಅಡಿ ಆಳವುಳ್ಳ ಹರಿಗೋಲು ಸಾಕು. ಇದರಲ್ಲಿ ಮುಖ್ಯವಾಗಿ ಮೂರು ಭಾಗಗಳಿರುವುವು: ಅಡ್ಡಲಾಗಿಯೂ ಉದ್ದಲಾಗಿಯೂ ಓರೆಯಾಗಿಯೂ ಹೆಣೆದ ತಳದ ದಬ್ಬೆಗಳು, ಅವೇ ದಬ್ಬೆಗಳು ಮೇಲಕ್ಕೆ ಬಾಗಿ ಆಗುವ ಪಕ್ಕಗಳು, ಅವುಗಳ ತುದಿಗಳನ್ನೆಲ್ಲ ಒಟ್ಟುಗೂಡಿಸಿ ಹಲವು ಸೀಳುಗಳ ಕಂತೆಯಿಂದ ಬಿಗಿದ ಬಾಯಿಯಂಚು. ಈ ಮೂರರಲ್ಲಿ ಬಾಯಿಯಂಚೇ ಅತಿ ಮುಖ್ಯವಾದುದು. ಅದು ಒಂದು ಕಡೆ ಬಿಟ್ಟುಕೊಂಡರೆ ಪಕ್ಕಗಳು ಅಗಲವಾಗಿ, ದುಂಡಾಗಿದ್ದ ದೋಣಿ ಮೊಟ್ಟೆಯಾಕಾರವಾಗುವುದು. ಬಲೆ ಎಳೆಯುವವನು ಒರಗಿಕೊಳ್ಳುವುದೂ ಈ ಅಂಚಿನ ಮೇಲೆಯೇ ಎಂಬುದನ್ನು ಮರೆಯಬಾರದು.

ಮೊದಲು ಪರೀಕ್ಷೆ

ಹಳೆಯ ಹರಿಗೋಲನ್ನು ಹೊರಗೆ ತಂದ ಕೂಡಲೆ ಅದನ್ನು ಒದ್ದೆ ಮಾಡದೆ, ಒಣಗಿದ ಸ್ಥಿತಿಯಲ್ಲಿಯೇ ಪರೀಕ್ಷಿಸತಕ್ಕದ್ದು. ನೀರು ತಾಗಿದ ಬಿದಿರು ಉಬ್ಬಿ ಬಿರುಕುಗಳು ಮುಚ್ಚಿಹೋಗುವುವು.

ಚೊಕ್ಕಟವಾದ ಕಣದ ಮೇಲೆಯಾಗಲಿ, ಹಾಸಿದ ಬಟ್ಟೆಯ ಮೇಲೆಯಾಗಲಿ ಹರಿಗೋಲನ್ನು ಇಟ್ಟು, ಮರದ ಕೊಡತಿಯಿಂದ ಎಲ್ಲ ಕಡೆಯೂ ಮೆಲ್ಲಗೆ ತಟ್ಟಬೇಕು. ಹಿಟ್ಟಿನಂತಹ ನುಣುಪಾದ ಬಿಳಿಯ ಹುಡಿ ಉದುರಿದರೆ ಕುಟ್ಟೆ ಹುಳು ಹಿಡಿದಿದೆಯೆಂದು ತಿಳಿಯತಕ್ಕದ್ದು. ಮಣ್ಣು ಮೆತ್ತಿಕೊಂಡಿದ್ದರೆ ಅದು ಗೆದ್ದಲಿನ ಗುರುತು. ಗೆದ್ದಲು ದಬ್ಬೆಯ ಹೊರಸಿಪ್ಪೆಯನ್ನು ಬಿಟ್ಟು ಒಳಗಿನ ತಿರುಳನ್ನು ತಿನ್ನುವುದರಿಂದ, ಕಣ್ಣಿಗೆ ಗಟ್ಟಿಯಾಗಿ ಕಾಣುವ ದಬ್ಬೆ ಕೈಯಲ್ಲಿ ಒತ್ತಿದರೆ ಕುಸಿಯುವುದು. ಆದುದರಿಂದ ಕಣ್ಣನ್ನು ನಂಬದೆ ಗೋಣಿ ಹೊಲಿಯುವ ದಬ್ಬಳವನ್ನು ತೆಗೆದುಕೊಂಡು, ಪ್ರತಿಯೊಂದು ದಬ್ಬೆಯನ್ನೂ ಒಂದೊಂದು ಗೇಣಿಗೆ ಒಂದು ಸಲ ಚುಚ್ಚಿ ನೋಡಬೇಕು. ಒಳ್ಳೆಯ ಬಿದಿರಿನಲ್ಲಿ ದಬ್ಬಳದ ತುದಿ ನಿಲ್ಲುವುದು, ಕೆಟ್ಟದರಲ್ಲಿ ಇಳಿದುಹೋಗುವುದು. ಇಳಿದುಹೋದ ಕಡೆಗಳಿಗೆಲ್ಲ ಸುಣ್ಣದ ಬೊಟ್ಟು ಇಡಬೇಕು. ಬಾಯಿಯಂಚಿನ ಕಂತೆಯಲ್ಲಿ ಒಳಗಿನ ಸೀಳುಗಳನ್ನು ಬಿಡಿಸಿ ನೋಡಿದ ಹೊರತು ಪರೀಕ್ಷೆ ಮುಗಿಯಿತೆಂದು ಭಾವಿಸಕೂಡದು. ಹುಳುವು ಸಾಮಾನ್ಯವಾಗಿ ಮನೆ ಮಾಡುವುದು ಈ ಕತ್ತಲೆಯ ಸಂದುಗಳಲ್ಲಿಯೇ.

ಬಳಿಕ ಹೊದಿಕೆಯ ಪರೀಕ್ಷೆ. ಹರಿಗೋಲನ್ನು ನಾಲ್ಕು ಕಲ್ಲುಗಳ ಮೇಲೆ ಎತ್ತರವಾಗಿ ಕವುಚಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬನು ಅದರ ಕೆಳಗೆ ನುಸುಳಿ ಮೇಲಕ್ಕೆ ನೋಡಬೇಕು. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಚುಕ್ಕಿಯಂತೆ ತೋರುವುದು. ನುಸುಳುವುದಕ್ಕೆ ಮುಂಚೆ ಒಳಗೆ ಹಾವು ಚೇಳುಗಳಿಲ್ಲವೆಂಬುದನ್ನು ಕೋಲಿನಿಂದ ಆಡಿಸಿ ನೋಡುವುದು ಒಳ್ಳೆಯದು.

ಸುಣ್ಣದ ಬೊಟ್ಟುಗಳನ್ನು ಎಣಿಸಿದರೆ ತೀರ್ಮಾನ ತಾನಾಗಿ ಆಗುವುದು. ತಳದ ದಬ್ಬೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಕೆಟ್ಟಿದ್ದರೆ, ಅಥವಾ ಬಾಯಿಯಂಚು ಎರಡು ಕಡೆಗಳಿಗಿಂತ ಹೆಚ್ಚಾಗಿ ಹುಡಿಯಾಗಿದ್ದರೆ, ಅಂತಹ ಹರಿಗೋಲಿಗೆ ದುರಸ್ತಿಯ ಖರ್ಚು ದಂಡ. ಅದನ್ನು ಒಡೆದು, ಹೊಸದನ್ನೇ ಹೆಣೆಸುವುದು ವಿವೇಕ. ಹಳೆಯದನ್ನು ಒಡೆಯದೆ ಕೆರೆಯ ದಡದಲ್ಲಿ ಬಿಟ್ಟರೆ ಊರಿನ ಹುಡುಗರು ಅದನ್ನು ನೀರಿಗೆ ತಳ್ಳದೆ ಇರಲಾರರು. ಗ್ರಾಮದ ಮುಖ್ಯಸ್ಥರು ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಮಾಡತಕ್ಕದ್ದಲ್ಲ.

ಬಿದಿರಿನ ಆಯ್ಕೆ ಮತ್ತು ಸಂಸ್ಕಾರ

ಬದಲಿ ದಬ್ಬೆಗಳಿಗೆ ಮೂರು ನಾಲ್ಕು ವರ್ಷ ಬಲಿತ ಬಿದಿರೇ ಆಗಬೇಕು. ಎಳೆಯ ಬಿದಿರು ಸುಲಭವಾಗಿ ಬಾಗುವುದೆಂದು ಕೆಲವರು ಅದನ್ನೇ ಮೆಚ್ಚುವರು. ಆದರೆ ಅದು ಒಣಗಿದ ಮೇಲೆ ಸೊರಗಿ ಕಟ್ಟುಗಳೆಲ್ಲ ಸಡಿಲವಾಗುವುವು, ಮತ್ತು ಅದರೊಳಗಿನ ಹಿಟ್ಟಿನ ಅಂಶಕ್ಕೆ ಕುಟ್ಟೆ ಹುಳು ಬೇಗನೆ ಬೀಳುವುದು. ಗಣೆಯ ಮೇಲಿನ ಸೋಗೆಯಂತಹ ಹಾಳೆಗಳು ಉದುರಿ, ಮೈಮೇಲಿನ ಬಿಳಿಯ ಬೂದಿ ಹೋಗಿ, ಅಲ್ಲಲ್ಲಿ ಬೂದುಬಣ್ಣದ ಮಚ್ಚೆಗಳು ಕಂಡರೆ ಬಲಿತಿದೆಯೆಂದು ಹೇಳಬಹುದು. ಮಳೆಗಾಲ ಕಳೆದು ಚಳಿಗಾಲದಲ್ಲಿ ಕಡಿದ ಬಿದಿರಿನಲ್ಲಿ ಹಿಟ್ಟಿನ ಅಂಶ ಕಡಮೆ. ಅಮಾವಾಸ್ಯೆಯ ಹತ್ತಿರ ಕಡಿಯಬೇಕೆಂಬ ರೈತರ ನಂಬಿಕೆಯನ್ನು ಅನುಸರಿಸಿದರೆ ನಷ್ಟವೇನೂ ಇಲ್ಲ. ಆದರೆ ಬೇಸಗೆಯ ಅಮಾವಾಸ್ಯೆಯಲ್ಲಿ ಕಡಿದ ಎಳೆಯ ಬಿದಿರನ್ನು ಆ ತಿಥಿಯು ಕಾಪಾಡಲಾರದು.

ಕಡಿದ ಗಣೆಗಳನ್ನು ಸೀಳುವ ಮೊದಲು ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿ ಇಡುವುದು ಮೇದರು ಬಲ್ಲ ಹಳೆಯ ಉಪಾಯ. ಇದರಿಂದ ಹಿಟ್ಟಿನ ಅಂಶವು ನೀರಿಗೆ ಇಳಿದುಹೋಗಿ ಹುಳುವಿಗೆ ಆಹಾರವಿಲ್ಲದಂತಾಗುವುದು. ನೀರು ನಾರುವುದರಿಂದ ಕುಡಿಯುವ ಬಾವಿಯ ಹತ್ತಿರ ಇದನ್ನು ಮಾಡಕೂಡದು. ಮನೆಗಳ ಬಿದಿರಿಗೆ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಉಣಿಸುವುದು ಈಚಿನ ಪದ್ಧತಿ. ಅದು ಹುಳುವಿಗೆ ಒಳ್ಳೆಯ ಮದ್ದಾದರೂ ನೀರಿನಲ್ಲಿ ಕರಗಿ ತೊಳೆದುಹೋಗುವ ಗುಣವುಳ್ಳದ್ದು. ಆದುದರಿಂದ ಸದಾ ತೇವದಲ್ಲಿರುವ ಹರಿಗೋಲಿನ ತಳಕ್ಕೆ ಅದನ್ನು ನಂಬುವಂತಿಲ್ಲ. ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಕೆಲಸ ಮುಗಿದ ಮೇಲೆ ಒಳಮೈಗೆ ವರ್ಷಕ್ಕೊಮ್ಮೆ ಹೊಂಗೆ ಎಣ್ಣೆ ಸವರುವುದೇ ಹಳ್ಳಿಯ ಮನೆಗೆ ಒಗ್ಗುವ ಕ್ರಮ.

ದಬ್ಬೆಗಳನ್ನು ಬದಲಾಯಿಸುವುದು

ಈ ಕೆಲಸಕ್ಕೆ ಮೇದರವನೊಬ್ಬನನ್ನು ಒಂದು ದಿನ ಕರೆಸಿಕೊಂಡರೆ ಖರ್ಚು ಸಾರ್ಥಕವಾಗುವುದು. ಕರೆಸಲಾಗದಿದ್ದರೆ ಮನೆಯವರೇ ಮಾಡಬಹುದು. ಆದರೆ ಒಂದೇ ಸಲಕ್ಕೆ ಕೆಟ್ಟ ದಬ್ಬೆಗಳನ್ನೆಲ್ಲ ಕಿತ್ತುಹಾಕತಕ್ಕದ್ದಲ್ಲ. ಹಾಗೆ ಮಾಡಿದರೆ ಬುಟ್ಟಿಯು ಆಕಾರಗೆಟ್ಟು ಮತ್ತೆ ದುಂಡಾಗದು. ಒಂದನ್ನು ತೆಗೆದು, ಅದರ ಜಾಗದಲ್ಲಿ ಹೊಸದನ್ನು ಸೇರಿಸಿ, ಅನಂತರ ಇನ್ನೊಂದಕ್ಕೆ ಕೈ ಹಾಕಬೇಕು.

ಹೊಸ ದಬ್ಬೆಯು ಹಳೆಯದರಷ್ಟೇ ಅಗಲವೂ ದಪ್ಪವೂ ಇರತಕ್ಕದ್ದು. ದಪ್ಪವಾದ ದಬ್ಬೆ ಹೆಚ್ಚು ಬಲವನ್ನು ಕೊಡುವುದೆಂಬ ಎಣಿಕೆ ಸರಿಯಲ್ಲ. ಅದು ಬಾಗದೆ ನಿಂತು, ಪಕ್ಕದ ತೆಳುವಾದ ದಬ್ಬೆಗಳ ಮೇಲೆ ಭಾರವನ್ನು ನೂಕಿ ಅವುಗಳನ್ನು ಮುರಿಯುವುದು. ಬಿದಿರಿನ ಹಸಿರು ಸಿಪ್ಪೆಯ ಮೈ ಹೊರಗಡೆಗೆ, ಅಂದರೆ ನೀರಿನ ಕಡೆಗೆ, ಬರಬೇಕು. ಎಳೆತವನ್ನು ತಡೆಯುವ ಶಕ್ತಿ ಸಿಪ್ಪೆಯಲ್ಲಿಯೇ ಹೆಚ್ಚು. ಬಾಗಿದ ದಬ್ಬೆಯ ಹೊರಮೈಯಲ್ಲಿಯೇ ಎಳೆತವೂ ಹೆಚ್ಚು. ದಬ್ಬೆಯ ಪೂರ್ತಿ ಉದ್ದ ಕೆಟ್ಟಿರದೆ ನಡುವೆ ಮಾತ್ರ ಮುರಿದಿದ್ದರೆ, ಮುರಿದ ಜಾಗದಿಂದ ಎರಡು ಕಡೆಗೂ ಒಂದೊಂದು ಮೊಳ ಮೀರುವಂತೆ ಜೋಡುದಬ್ಬೆಯನ್ನು ಹೆಣಿಗೆಯ ಜಾಡಿನಲ್ಲಿಯೇ ತೂರಿಸಿ ಕಟ್ಟಬಹುದು. ತುದಿಗಳನ್ನು ಚೂಪಾಗಿ ಬಿಡದೆ ದುಂಡಾಗಿ ಕೆತ್ತಬೇಕು. ಹೊದಿಕೆಯನ್ನು ಒಳಗಿನಿಂದ ಹರಿಯುವುದು ಇಂತಹ ಮೊನೆಗಳೇ.

ಕಟ್ಟುವುದಕ್ಕೆ ಕಬ್ಬಿಣದ ತಂತಿಯನ್ನು ಉಪಯೋಗಿಸುವ ಅಭ್ಯಾಸ ಈಚೆಗೆ ಹೆಚ್ಚಿದೆ. ಅದು ಬೇಗ ಕೆಲಸ ಮುಗಿಸುವುದಲ್ಲದೆ ಬೇರೆ ಪ್ರಯೋಜನವಿಲ್ಲದ್ದು. ತಂತಿ ತುಕ್ಕು ಹಿಡಿದು ಬಿದಿರನ್ನು ಕೊಯ್ಯುವುದು. ತುಂಡಾದ ತುದಿ ಬರಿಗಾಲಿಗೂ ಹೊದಿಕೆಗೂ ಚುಚ್ಚುವುದು. ತೆಂಗಿನ ನಾರಿನ ಹುರಿಯಾಗಲಿ ನೈಲಾನ್ ಹುರಿಯಾಗಲಿ ಉತ್ತಮ. ಗಂಟುಗಳೆಲ್ಲವೂ ಒಳಗಡೆಗೆ ಬರಬೇಕು. ಹಸಿ ದಬ್ಬೆ ಹಾಕಿದ್ದರೆ ಹದಿನೈದು ದಿನ ನೆರಳಿನಲ್ಲಿ ಬಿಟ್ಟು, ಸೊರಗಿ ಸಡಿಲವಾದ ಕಟ್ಟುಗಳನ್ನು ಮತ್ತೊಮ್ಮೆ ಬಿಗಿದ ಹೊರತು ಹೊದಿಕೆಯ ಕೆಲಸಕ್ಕೆ ತೊಡಗಕೂಡದು. ಕೆರೆಯ ನೀರು ಕಾಯುವುದಿಲ್ಲವೆಂದು ಹೇಳುವವರುಂಟು. ಕೆರೆಗೆ ಬಿಟ್ಟ ಕಾಟ್ಲ, ರೋಹು ಮರಿಗಳು ದೊಡ್ಡದಾಗಲು ತಿಂಗಳುಗಳೇ ಬೇಕಾಗುವಾಗ, ಹದಿನೈದು ದಿನಗಳಿಂದ ಯಾರ ಗುತ್ತಿಗೆಯೂ ಮುಳುಗುವುದಿಲ್ಲ.

ಹೊದಿಕೆ ಮತ್ತು ಡಾಂಬರು

ಹಳೆಯ ಹೊದಿಕೆಯ ಮೇಲೆ ವರ್ಷ ವರ್ಷವೂ ಡಾಂಬರು ಬಳಿಯುತ್ತ ಹೋದರೆ ಹರಿಗೋಲು ಭಾರವಾಗುವುದೇ ಹೊರತು ಗಟ್ಟಿಯಾಗುವುದಿಲ್ಲ. ಒಣಗಿ ಬಿರುಕುಬಿಟ್ಟ ಹಳೆಯ ಪದರದ ಮೇಲೆ ಬಳಿದ ಹೊಸ ಪದರವು ಅದೇ ಬಿರುಕಿನಲ್ಲಿ ಬಿರಿಯುವುದು. ಬಿರುಕುಗಳು ಹೆಚ್ಚಾಗಿದ್ದರೆ ಹೊದಿಕೆಯನ್ನು ಪೂರ್ತಿಯಾಗಿ ಸುಲಿದುಹಾಕಬೇಕು. ಸುಲಿದುದನ್ನು ಸುಡಬಾರದು, ಕೆರೆಗೂ ಎಸೆಯಬಾರದು.

ಬಟ್ಟೆಯ ಅಳತೆಯನ್ನು ಲೆಕ್ಕದಿಂದ ಕಂಡುಹಿಡಿಯುವುದಕ್ಕಿಂತ ಹಗ್ಗದಿಂದ ಅಳೆಯುವುದು ಸುಲಭ. ಕವುಚಿದ ಹರಿಗೋಲಿನ ಒಂದು ಅಂಚಿನಿಂದ ತಳದ ಮೇಲೆ ಹಾಯಿಸಿ ಎದುರಿನ ಅಂಚಿಗೆ ಹಗ್ಗ ಹಿಡಿದು, ಬಂದ ಉದ್ದಕ್ಕೆ ಒಂದು ಅಡಿ ಸೇರಿಸಬೇಕು. ಮೇಲೆ ಹೇಳಿದ ಅಳತೆಯ ಹರಿಗೋಲಿಗೆ ಸುಮಾರು 10 ಅಡಿ ಚೌಕದ ಬಟ್ಟೆ ಬೇಕಾಗುವುದು. ಡಾಂಬರು ಹತ್ತಿಯ ಬಟ್ಟೆಗೂ ಗೋಣಿಗೂ ಒಳಹೊಕ್ಕು ಹಿಡಿದುಕೊಳ್ಳುವುದು; ಪ್ಲಾಸ್ಟಿಕ್ಕಿನ ನುಣುಪಾದ ಹಾಳೆಗೆ ಚೆನ್ನಾಗಿ ಹಿಡಿಯದೆ ಹಪ್ಪಳದಂತೆ ಎದ್ದುಬರುವುದು. ಆದುದರಿಂದ ಪ್ಲಾಸ್ಟಿಕ್ಕಿನ ಹಾಳೆಯನ್ನು ಉಪಯೋಗಿಸುವುದಾದರೆ ಅದನ್ನು ಒಳಗಡೆಗೆ ಹಾಸಿ, ಹೊರಗಡೆಗೆ ಹತ್ತಿಯ ಬಟ್ಟೆಯನ್ನು ಬಿಗಿದು, ಅದಕ್ಕೆ ಡಾಂಬರು ಬಳಿಯತಕ್ಕದ್ದು. ಅಂಚಿನಲ್ಲಿ ಹೆಚ್ಚಾದ ಬಟ್ಟೆಯನ್ನು ಒಂದೇ ದಿಕ್ಕಿಗೆ ನೆರಿಗೆಯಾಗಿ ಮಡಿಸಿ, ಅಂಚಿನ ಮೇಲಿಂದ ಒಳಕ್ಕೆ ತಂದು ಹೊಲಿಯಬೇಕು. ಅಲ್ಲೊಂದು ಇಲ್ಲೊಂದು ತೂತು ಮಾತ್ರವಿದ್ದರೆ ತೇಪೆ ಸಾಕು. ತೇಪೆಯು ತೂತಿನಿಂದ ಸುತ್ತಲೂ 3 ಅಂಗುಲ ಮೀರಿ, ದುಂಡಾಗಿರಬೇಕು; ಚೌಕದ ತೇಪೆಯ ಮೂಲೆಗಳು ಬೇಗ ಮೇಲೇಳುವುವು.

ರಸ್ತೆಗೆ ಹಾಕುವ ಡಾಂಬರು ಸುಲಭವಾಗಿ ದೊರೆಯುವುದಾದರೂ ಬಿಸಿಲಿನಲ್ಲಿ ಮೆತ್ತಗಾಗುವ ಸ್ವಭಾವದ್ದು. ಸಾಮಾನ್ಯವಾದ ರಸ್ತೆ ಡಾಂಬರು 50 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿಯೇ ಮೆದುವಾಗುವುದು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕರಿಯ ಹೊದಿಕೆ ಅಷ್ಟು ಕಾಯುವುದೇನೂ ಹೆಚ್ಚಲ್ಲ. ಛಾವಣಿಗಳಿಗೆ ಉಪಯೋಗಿಸುವ ಗಡುಸಾದ ಡಾಂಬರು ದೊರೆತರೆ ಅದೇ ಲೇಸು. ದೊರೆಯದಿದ್ದರೆ ಕರಗಿದ ಡಾಂಬರಿಗೆ ಚೆನ್ನಾಗಿ ಒಣಗಿದ ಕಲ್ಲಿನ ನುಣುಪು ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿದರೆ ಗಡುಸುತನ ಬರುವುದು. ತೆಳುವಾಗಿ ಎರಡು ಸಲ ಬಳಿಯುವುದು ದಪ್ಪವಾಗಿ ಒಂದು ಸಲ ಬಳಿಯುವುದಕ್ಕಿಂತ ಮೇಲು. ಎರಡು ಪದರಗಳಿಗೆ 15ರಿಂದ 20 ಕಿಲೋ ಡಾಂಬರು ಹಿಡಿಯುವುದು.

ಡಾಂಬರು ಕಾಯಿಸುವುದರಲ್ಲಿ ಬಹಳ ಎಚ್ಚರ ಬೇಕು. ಪಾತ್ರೆಯಲ್ಲಿ ಒಂದಿಷ್ಟು ನೀರಿನ ಪಸೆಯಿದ್ದರೂ, ಕಾದ ಡಾಂಬರು ಹಾಲಿನಂತೆ ಉಕ್ಕಿ ಒಲೆಯ ಮೇಲೆ ಸುರಿದು ಹೊತ್ತಿಕೊಳ್ಳುವುದು. ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚಾಗಿ ತುಂಬಕೂಡದು. ಹುಲ್ಲಿನ ಬಣವೆ, ಕೊಟ್ಟಿಗೆಗಳಿಂದ ದೂರವಾಗಿ, ಗಾಳಿಗೆ ಬೆನ್ನು ಮಾಡಿ, ಸಣ್ಣ ಉರಿಯಲ್ಲಿ ಕಾಯಿಸಬೇಕು. ತೆಳುವಾಗಲೆಂದು ಪೆಟ್ರೋಲು ಸೀಮೆಎಣ್ಣೆಗಳನ್ನು ಉರಿಯ ಬಳಿ ಬೆರೆಸುವುದು ಆತ್ಮಹತ್ಯೆಗೆ ಸಮಾನ. ಹೊತ್ತಿಕೊಂಡರೆ ನೀರು ಹಾಕದೆ, ಮುಚ್ಚಳ ಮುಚ್ಚಿಯೋ ಒಣಮರಳು ಎರಚಿಯೋ ಆರಿಸಬೇಕು. ಇದಕ್ಕಾಗಿ ಒಂದು ಮಂಕರಿ ಮರಳು ಮೊದಲೇ ಸಿದ್ಧವಾಗಿರಲಿ. ಮೈಮೇಲೆ ಬಿಸಿ ಡಾಂಬರು ಬಿದ್ದರೆ ಅದನ್ನು ಕೀಳಲು ಹೋಗಬಾರದು. ಕಿತ್ತರೆ ಚರ್ಮವೂ ಬರುವುದು. ಇಪ್ಪತ್ತು ನಿಮಿಷ ತಣ್ಣೀರು ಸುರಿದು, ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಾರದ ಲೆಕ್ಕ

ಹರಿಗೋಲು ಎಷ್ಟು ಜನರನ್ನು ಹೊರುವುದೆಂಬ ಪ್ರಶ್ನೆಗೆ ಹಳ್ಳಿಗಳಲ್ಲಿ ನಾನಾ ಉತ್ತರಗಳು ಬರುವುವು. ಲೆಕ್ಕ ಮಾಡಿ ನೋಡಿದರೆ ಮೋಸವೆಲ್ಲಿದೆಯೆಂಬುದು ತಿಳಿಯುವುದು. ನೀರಿನ ಮಟ್ಟದಲ್ಲಿ ಹರಿಗೋಲಿನ ಅಗಲ 5 ಅಡಿಯಿದ್ದರೆ, ಅದು ಒಂದು ಅಂಗುಲ ಇಳಿಯಬೇಕಾದರೆ ಸುಮಾರು 46 ಕಿಲೋ ಭಾರ ಬೇಕು. ಹರಿಗೋಲಿನ ಸ್ವಂತ ತೂಕ 40 ಕಿಲೋ, ಇಬ್ಬರು ಮನುಷ್ಯರು 120 ಕಿಲೋ, ಒದ್ದೆಬಲೆ 20 ಕಿಲೋ, ಮೀನು 30 ಕಿಲೋ. ಒಟ್ಟು 210 ಕಿಲೋ ಭಾರಕ್ಕೆ ಅದು ನಾಲ್ಕೂವರೆ ಅಂಗುಲ ಮಾತ್ರ ಇಳಿಯುವುದು. ಇನ್ನೂ ಹತ್ತೊಂಬತ್ತು ಅಂಗುಲ ಪಕ್ಕವು ನೀರಿನ ಮೇಲೆ ಕಾಣುವುದು. ಇದನ್ನು ಕಂಡು, ಇನ್ನೂ ನಾಲ್ವರು ಹತ್ತಬಹುದೆಂದು ಜನರು ಭ್ರಮಿಸುವರು.

ಆದರೆ ಹರಿಗೋಲು ಮುಳುಗುವುದು ಭಾರದಿಂದಲ್ಲ, ವಾಲುವುದರಿಂದ. ಇಬ್ಬರೂ ಕುಳಿತು ಒಂದೇ ಪಕ್ಕಕ್ಕೆ ಸರಿದರೆ ಬಾಯಿಯಂಚು ನೀರಿನ ಹತ್ತಿರಕ್ಕೆ ಬರುವುದು. ಅವರೇ ಎದ್ದುನಿಂತು ಅದೇ ಪಕ್ಕದಲ್ಲಿ ಬಲೆ ಎಳೆದರೆ ಅಂಚು ನೀರಿಗೆ ಅದ್ದಿ ಹರಿಗೋಲು ತುಂಬುವುದು. ಒಳಗೆ ಸೋರಿದ ನೀರು ಇನ್ನೂ ಅಪಾಯಕರ. ತಳದಲ್ಲಿ ಎರಡು ಅಂಗುಲ ನೀರು ನಿಂತಿತೆಂದರೆ ಅದು ಸುಮಾರು 75 ಕಿಲೋ, ಎಂದರೆ ಐದು ಕೊಡ ನೀರು. ಮನುಷ್ಯನಾದರೆ ವಾಲಿದಾಗ ಎದುರು ಪಕ್ಕಕ್ಕೆ ಸರಿದು ಸರಿಪಡಿಸುವನು. ನೀರು ಯಾವಾಗಲೂ ವಾಲಿದ ಪಕ್ಕಕ್ಕೇ ಓಡಿ ವಾಲುವುದನ್ನು ಹೆಚ್ಚಿಸುವುದು. ಕಾಲು ನೆನೆಯುವಷ್ಟು ಸೋರಿಕೆಯನ್ನು ಅಲಕ್ಷಿಸಿ, ಚೊಂಬಿನಿಂದ ಮೊಗೆದು ಹಾಕುತ್ತ ಕೆಲಸ ನಡೆಸುವ ಅಭ್ಯಾಸ ಎಷ್ಟು ಕೆಟ್ಟದೆಂಬುದನ್ನು ಇದರಿಂದ ಊಹಿಸಬಹುದು. ಈ ಅಳತೆಯ ಹರಿಗೋಲಿಗೆ ಇಬ್ಬರೇ. ಒಬ್ಬನು ಹುಟ್ಟು ಹಾಕುತ್ತ ಎದುರು ಪಕ್ಕದಲ್ಲಿ ಕುಳಿತಿರತಕ್ಕದ್ದು, ಇನ್ನೊಬ್ಬನು ಮಂಡಿಯೂರಿ ಬಲೆ ಎಳೆಯತಕ್ಕದ್ದು.

ಹೊಸದಾಗಿ ಸೇರಿಸಬೇಕಾದ ಅನುಕೂಲಗಳು

ಹಿಂದಿನವರ ಹರಿಗೋಲಿನಲ್ಲಿಲ್ಲದ ಒಂದು ಅನುಕೂಲವನ್ನು ಈಗ ಅಲ್ಪ ಖರ್ಚಿನಲ್ಲಿ ಮಾಡಿಕೊಳ್ಳಬಹುದು. ಎಣ್ಣೆ ಬರುವ 10 ಲೀಟರಿನ ನಾಲ್ಕು ಖಾಲಿ ಪ್ಲಾಸ್ಟಿಕ್ ಡಬ್ಬಗಳನ್ನು ತೊಳೆದು, ಬಿರಡೆಯನ್ನು ಗಾಳಿಯಾಡದಂತೆ ಬಿಗಿದು, ಬಾಯಿಯಂಚಿನ ಕೆಳಗೆ ಒಳಪಕ್ಕದಲ್ಲಿ ನಾಲ್ಕು ದಿಕ್ಕಿಗೂ ಒಂದೊಂದರಂತೆ ಭದ್ರವಾಗಿ ಕಟ್ಟಬೇಕು. ಹರಿಗೋಲು ನೀರು ತುಂಬಿ ಮುಳುಗುವ ಸ್ಥಿತಿಗೆ ಬಂದರೆ ಇವು ಒಟ್ಟಿಗೆ 40 ಕಿಲೋದಷ್ಟು ಮೇಲಕ್ಕೆ ಎತ್ತುವುವು. ನೀರಿನಲ್ಲಿರುವ ಮನುಷ್ಯನ ತಲೆ ಮೇಲೆ ನಿಲ್ಲುವುದಕ್ಕೆ ಏಳೆಂಟು ಕಿಲೋ ಎತ್ತುವಿಕೆ ಸಾಕಾದುದರಿಂದ, ಇಬ್ಬರೂ ಹರಿಗೋಲನ್ನು ಹಿಡಿದುಕೊಂಡು ತೇಲಬಹುದು. ಹಿಡಿದುಕೊಳ್ಳುವುದಕ್ಕೆ ಅಂಚಿನ ಹೊರಗಡೆ ಸುತ್ತಲೂ ಒಂದು ಹಗ್ಗವನ್ನು ಸಡಿಲವಾಗಿ ತೋರಣದಂತೆ ಕಟ್ಟಿರಬೇಕು; ನುಣುಪಾದ ಡಾಂಬರಿನ ಮೈ ಕೈಗೆ ಸಿಕ್ಕುವುದಿಲ್ಲ. ಇಷ್ಟಾದರೂ ಈಜು ಬಾರದವನು ತೇಲುವ ಅಂಗಿಯಾಗಲಿ ಗಾಳಿ ತುಂಬಿದ ಟ್ಯೂಬಾಗಲಿ ಇಲ್ಲದೆ ಕೆರೆಗಿಳಿಯತಕ್ಕದ್ದಲ್ಲ.

ತಳದ ಮೇಲೆ ಎರಡು ಹಲಗೆಗಳನ್ನು ಬಿಡಿಯಾಗಿ ಹಾಸಿದರೆ ಕಾಲಿನ ಭಾರ ಒಂದೇ ದಬ್ಬೆಯ ಮೇಲೆ ಬೀಳುವುದು ತಪ್ಪುವುದು. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಹರಿಗೋಲು ಸುತ್ತುವುದು. ಮುಂದುಗಡೆ ನೀರಿಗಿಟ್ಟು ತನ್ನ ಕಡೆಗೆ ಎಳೆದುಕೊಳ್ಳುವುದೇ ಸರಿಯಾದ ಕ್ರಮ. ಇದನ್ನು ಬೆಸ್ತರ ಮನೆಯ ಹುಡುಗರಿಗೆ ಹೇಳಿಕೊಡಬೇಕಾಗಿಲ್ಲ.

ಫೈಬರ್ ಗಾಜಿನ ಹರಿಗೋಲುಗಳು ಈಗ ಬಳಕೆಗೆ ಬಂದಿವೆ. ಅವು ಹಗುರವಾಗಿಯೂ ಹುಳುವಿನ ಭಯವಿಲ್ಲದೆಯೂ ಇರುವುವು. ಅಂತಹುದು ಕೈಗೆ ದೊರೆತವರು ಬಿದಿರಿನದನ್ನೇ ಹಿಡಿದು ಕೂರಬೇಕಾಗಿಲ್ಲ. ಭಾರದ ಮತ್ತು ವಾಲುವಿಕೆಯ ವಿಷಯ ಮಾತ್ರ ಎರಡಕ್ಕೂ ಒಂದೇ.

ನೀರಿಗಿಳಿಸುವ ಮುನ್ನ

ದುರಸ್ತಿಯಾದ ಹರಿಗೋಲನ್ನು ಮೊಣಕಾಲುದ್ದ ನೀರಿನಲ್ಲಿ ಇಳಿಸಿ, ಹೊರಬೇಕಾದ ಭಾರಕ್ಕೆ ಅರ್ಧ ಹೆಚ್ಚಾಗಿ, ಎಂದರೆ 170 ಕಿಲೋ ಹೊರುವುದಕ್ಕೆ 255 ಕಿಲೋದಂತೆ, ಮರಳಿನ ಚೀಲಗಳನ್ನು ಹೇರಿ ಎರಡು ಗಂಟೆ ಬಿಡಬೇಕು. ಕಲ್ಲುಗಳನ್ನು ಹೇರಿದರೆ ತಳ ಗಾಯವಾಗುವುದು. ಒಳಗೆ ಬಟ್ಟೆಯಿಂದ ಒರಸಿ ತೆಗೆಯುವಷ್ಟು ತೇವವಾದರೆ ಚಿಂತೆಯಿಲ್ಲ. ಮೊಗೆಯುವಷ್ಟು ನೀರು ಬಂದರೆ ಮತ್ತೆ ದಡಕ್ಕೆ ತರತಕ್ಕದ್ದು. ಚೀಲಗಳನ್ನು ತೆಗೆದ ಮೇಲೆ ಬಾಯಿಯ ಅಗಲವನ್ನು ಎರಡು ದಿಕ್ಕಿನಲ್ಲಿ ಅಳೆದು ನೋಡಬೇಕು. ಎರಡು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಅಂಚಿನ ಕಟ್ಟು ಬಿಟ್ಟಿದೆಯೆಂದರ್ಥ.

ಈ ಪರೀಕ್ಷೆಯು ಗ್ರಾಮದ ಇಬ್ಬರು ಮುಖ್ಯಸ್ಥರ ಎದುರಿನಲ್ಲಿ ನಡೆಯುವುದು ಒಳ್ಳೆಯದು. ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟ ಕೆರೆಗಳಲ್ಲಿ ಹರಿಗೋಲು ಗುತ್ತಿಗೆದಾರನದಾಗಿರುವುದು. ಅದರಲ್ಲಿ ಇಳಿಯುವವರು ಕೂಲಿಯವರಾಗಿರುವರು. ಹರಿಗೋಲು ಗಟ್ಟಿಯಿದೆಯೇ ಎಂದು ಕೇಳುವ ಧೈರ್ಯ ದಿನಗೂಲಿಗೆ ಬಂದವನಿಗೆ ಸಾಮಾನ್ಯವಾಗಿ ಇರುವುದಿಲ್ಲ. ಆ ಪ್ರಶ್ನೆಯನ್ನು ಅವನ ಪರವಾಗಿ ಗ್ರಾಮದ ಮುಖ್ಯಸ್ಥರೇ ಕೇಳತಕ್ಕದ್ದು.

ಕೆರೆಯಂಗಳದಲ್ಲಿ ಜಾಲಿಗಿಡಗಳು ಬೆಳೆದಿದ್ದ ಕೆರೆಗಳಲ್ಲಿ, ನೀರು ತುಂಬಿದ ಮೇಲೆ ಮುಳ್ಳಿನ ಕೊಂಬೆಗಳೂ ಕಡಿದ ಬೊಡ್ಡೆಗಳೂ ನೀರಿನಡಿಯಲ್ಲಿ ಕಾಣದೆ ನಿಂತಿರುವುವು. ಎಂತಹ ಹೊಸ ಹೊದಿಕೆಯನ್ನಾದರೂ ಇವು ಸೀಳುವುವು. ನೀರು ಬರುವ ಮೊದಲೇ ಬೊಡ್ಡೆಗಳಿರುವ ಜಾಗಗಳಿಗೆ ಎತ್ತರದ ಗಳುಗಳನ್ನು ನೆಟ್ಟು ತುದಿಗೆ ಚಿಂದಿ ಕಟ್ಟಿದ್ದರೆ ತುಂಬ ಉಪಕಾರವಾಗುವುದು. ಪಟ್ಟಣದ ಕೊಳಚೆ ಸೇರುವ ನೀರಿನಲ್ಲಿ, ಮುಖ್ಯವಾಗಿ ವರ್ತೂರು ಕೆರೆಯ ಕೋಡಿಯ ನೀರನ್ನು ಪಡೆಯುವ ದಕ್ಷಿಣ ಪಿನಾಕಿನಿಯ ಪಾತ್ರದಲ್ಲಿ, ಕೆಲಸ ಮಾಡಿದ ದಿನ ಹರಿಗೋಲಿನ ಒಳಹೊರಗುಗಳನ್ನೂ ಕೈಕಾಲುಗಳನ್ನೂ ಒಳ್ಳೆಯ ನೀರಿನಿಂದ ತೊಳೆಯತಕ್ಕದ್ದು.

ಇಡುವ ಕ್ರಮ

ಕೆಲಸ ಮುಗಿದ ಪ್ರತಿದಿನವೂ ಹರಿಗೋಲನ್ನು ನೀರಿನಲ್ಲಿ ಬಿಡದೆ ದಡಕ್ಕೆ ಎತ್ತಿ ಕವುಚಬೇಕು. ನೆಲದ ಮೇಲೆ ಎಳೆದರೆ ತಳ ಸವೆಯುವುದು. ಇಬ್ಬರು ಹಿಡಿದು ಎತ್ತುವುದೇ ಸರಿ. ಕೆರೆ ಒಣಗಿದ ವರ್ಷಗಳಲ್ಲಿ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಒಂದು ಮೊಳ ಎತ್ತರದ ನಾಲ್ಕು ಕಲ್ಲುಗಳ ಮೇಲೆ ಕವುಚಿ ಇಡಬೇಕು. ಮಣ್ಣಿನ ಗೋಡೆಗೆ ಒರಗಿಸಿದರೆ ಗೆದ್ದಲು ಗೋಡೆಯಿಂದಲೇ ಹತ್ತುವುದು. ತಿಂಗಳಿಗೊಮ್ಮೆ ಕಲ್ಲುಗಳ ಮೇಲೆ ಗೆದ್ದಲಿನ ಮಣ್ಣಿನ ದಾರಿ ಕಂಡರೆ ಉಜ್ಜಿ ತೆಗೆಯಬೇಕು. ಮೇಲೆ ಸೌದೆ ಹುಲ್ಲುಗಳನ್ನು ಒಟ್ಟಬಾರದು. ಕೋಳಿಗಳನ್ನು ಕವುಚುವುದಕ್ಕೂ ಅದನ್ನು ಉಪಯೋಗಿಸಬಾರದು. ಯುಗಾದಿಯ ಸುಮಾರಿಗೆ ಒಳಮೈಗೆ ಹೊಂಗೆ ಎಣ್ಣೆ ಸವರಿ, ದಬ್ಬಳದಿಂದ ಬಾಯಿಯಂಚನ್ನು ಮತ್ತೊಮ್ಮೆ ಚುಚ್ಚಿ ನೋಡಿ, ಹುಟ್ಟು, ಹಗ್ಗ, ಡಬ್ಬಗಳನ್ನು ಬಿಚ್ಚಿ ಅಟ್ಟದ ಮೇಲೆ ಒಂದೇ ಕಡೆ ಇಟ್ಟಿದ್ದರೆ, ಮುಂದಿನ ಮಳೆಯಲ್ಲಿ ಕೆರೆಗೆ ನೀರು ಬಂದಾಗ ಹುಡುಕುವ ತೊಂದರೆಯಿರುವುದಿಲ್ಲ.